ಹೊಳೆ ದಾಟಿದ ಅರಮನೆ, ಸಾಲ ದಾಟದ ಒಡೆಯರು

ಫ್ರಾನ್ಸಿನ ತೂರೇನ್ ಸೀಮೆಯಲ್ಲಿ, ಶೇರ್ ಎಂಬ ಹೊಳೆಯ ಮೇಲೆ ಈ ದಡದಿಂದ ಆ ದಡಕ್ಕೆ ಮೈಚಾಚಿ ನಿಂತಿರುವ ಶೆನೊನ್ಸೊ ಅರಮನೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಪ್ರೇಮಕಥೆಯಿಂದ ಶುರುಮಾಡುತ್ತಾರೆ. ದೊರೆ ಎರಡನೆಯ ಹೆನ್ರಿ ತನಗಿಂತ ಸುಮಾರು 20 ವರ್ಷ ಹಿರಿಯಳಾದ ಡಿಯಾನ್ ದ ಪ್ವಾತಿಯೆಯನ್ನು ಮೆಚ್ಚಿ ಈ ಅರಮನೆಯನ್ನು ಕೊಟ್ಟ. ದೊರೆ ತೀರಿಕೊಂಡದ್ದೇ ತಡ, ಪಟ್ಟದ ರಾಣಿ ಕ್ಯಾಥರೀನ್ ದೆ ಮೆಡಿಚಿ ಅವಳನ್ನು ಇಲ್ಲಿಂದ ಎಬ್ಬಿಸಿದಳು. ಒಬ್ಬಳು ಸೇತುವೆ ಕಟ್ಟಿಸಿದಳು, ಇನ್ನೊಬ್ಬಳು ಆ ಸೇತುವೆಯ ಮೇಲೆ ಮಹಡಿ ಎಬ್ಬಿಸಿದಳು. ಫ್ರೆಂಚರು ಇದನ್ನು ಹೆಂಗಸರ ಅರಮನೆ ಎಂದು ಕರೆಯುವುದು ಇದೇ ಕಾರಣಕ್ಕೆ. ಈ ಕಥೆ ಸುಳ್ಳೇನೂ ಅಲ್ಲ. ಆದರೆ ಕಟ್ಟಡವನ್ನು ನೋಡಿದಾಗ ಏಳುವ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ದಡದಲ್ಲಿ ಅಷ್ಟು ಜಾಗವಿರುವಾಗ ಅರಮನೆ ಹೋಗಿ ನೀರಿನಲ್ಲಿ ನಿಂತದ್ದೇಕೆ? ದೊರೆಯೇ ಕೊಟ್ಟ ಮನೆಗಾಗಿ ಡಿಯಾನ್ ವರ್ಷಗಟ್ಟಲೆ ವ್ಯಾಜ್ಯ ನಡೆಸಬೇಕಾಗಿ ಬಂದದ್ದೇಕೆ? ಅಷ್ಟು ಠೀವಿಯಿಂದ ಹೊಳೆ ದಾಟಿದ ಮಹಡಿ ಆಚೆ ದಡ ಮುಟ್ಟಿದ ಕೂಡಲೇ ಬರೀ ಒಂದು ಬಾಗಿಲಲ್ಲಿ ಮುಗಿದುಹೋಗುವುದೇಕೆ? ಇವಕ್ಕೆಲ್ಲ ಉತ್ತರ ಸಿಗುವುದು ಕ್ರಯಪತ್ರ, ಜಪ್ತಿ ಆದೇಶ, ಲೆಕ್ಕದ ಪುಸ್ತಕಗಳಲ್ಲಿ. ಶೆನೊನ್ಸೊವಿನ ಐನೂರು ವರ್ಷಗಳ ಚರಿತ್ರೆಯಲ್ಲಿ ದೊಡ್ಡ ತಿರುವುಗಳ ಹಿಂದೆಲ್ಲ ಯಾರದೋ ತೀರದ ಸಾಲವಿದೆ, ಮತ್ತು ಆ ಸಾಲದ ಗುರುತು ಕಲ್ಲಿನಲ್ಲೇ ಉಳಿದಿದೆ ಎಂಬುದು ನನ್ನ ವಾದ.

ಮೊದಲ ಸಾಲ ಮಾರ್ಕ್ ಮನೆತನದ್ದು. ಹೊಳೆಯ ಬಲದಂಡೆಯಲ್ಲಿ ಅವರದೊಂದು ಹಳೆಯ ಕೋಟೆಮನೆ ಇತ್ತು. ಜಾನ್ ಮಾರ್ಕ್ ರಾಜದ್ರೋಹದ ಆಪಾದನೆಗೆ ಸಿಕ್ಕಿದ್ದರಿಂದ 1412ರ ಹೊತ್ತಿಗೆ ಅದನ್ನು ಸುಟ್ಟುಹಾಕಲಾಯಿತು. 1430ರ ದಶಕದಲ್ಲಿ ಮನೆತನದವರು ಮತ್ತೆ ಕಟ್ಟಿಕೊಂಡರು. ಜೊತೆಗೆ ಹೊಳೆಯ ನಡುವೆ ಕಲ್ಲಿನ ಪಾಯ ಹಾಕಿ ಹಿಟ್ಟಿನ ಗಿರಣಿಯೊಂದನ್ನೂ ಕಟ್ಟಿದರು. ಆದರೆ ಮಾರ್ಕ್ ವಂಶದವರ ಸಾಲ ಬೆಳೆಯುತ್ತಲೇ ಹೋಯಿತು. ಆ ಆಸ್ತಿಯ ಮೇಲೆ ಬಹುಕಾಲದಿಂದ ಕಣ್ಣಿಟ್ಟಿದ್ದವನು ತೋಮಾ ಬೋಯೆ. ಇವನು ಹುಟ್ಟಾ ಸರದಾರನಲ್ಲ, ದೊರೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಅಧಿಕಾರಿ. 1513ರಲ್ಲಿ ಆಸ್ತಿ ಕೊನೆಗೂ ಅವನ ಕೈಗೆ ಬಂತು. ಬೋಯೆ ಹಳೆಯ ಕೋಟೆಮನೆಯನ್ನು ಕೆಡವಿಸಿ ಒಂದೇ ಒಂದು ದುಂಡು ಬುರುಜನ್ನು ಉಳಿಸಿಕೊಂಡ. ಅದಕ್ಕೆ ಈಗಲೂ ಮಾರ್ಕ್ ಬುರುಜು ಎಂದೇ ಹೆಸರು. ಹೊಸ ಮನೆಯನ್ನು ಮಾತ್ರ ಗಿರಣಿಯ ಪಾಯದ ಮೇಲೆಯೇ ಎಬ್ಬಿಸಿದ. ಅರಮನೆ ನೀರಿನಲ್ಲಿ ನಿಂತದ್ದು ಹೀಗೆ. ಯಾವ ಕವಿಯ ಕನಸೂ ಇದರ ಹಿಂದಿರಲಿಲ್ಲ. ಹೊಳೆಯ ಸೆಳೆತವನ್ನು ಎಂಬತ್ತು ವರ್ಷ ತಡೆದು ನಿಂತ ಪಾಯವೊಂದು ಜಮೀನಿನ ಜೊತೆಗೇ ಬಂದಿತ್ತು. ಲೆಕ್ಕ ಬಲ್ಲವನು ಅಂಥದ್ದನ್ನು ಬಿಡುವುದಿಲ್ಲ. ಗಿರಣಿಯ ಎರಡು ಕಲ್ಲುದಿಮ್ಮಿಗಳ ಒಳಗಿನ ಪೊಳ್ಳಿನಲ್ಲಿ ಅಡುಗೆಮನೆಗಳು ಕೂತವು. ದಿನಸಿ ಹೊತ್ತ ದೋಣಿ ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲುವಂತೆ ಅಲ್ಲೊಂದು ಕಟ್ಟೆ. ಎರಡು ದಿಮ್ಮಿಗಳ ನಡುವಿನ ಕಮಾನಿನ ಕೆಳಗೆ ನೀರು ಹಿಂದೆ ಗಿರಣಿಗೆ ಹರಿದಂತೆ ಇಂದಿಗೂ ಹರಿಯುತ್ತದೆ.

1515ರಿಂದ 1521ರವರೆಗೆ ನಡೆದ ಈ ಕೆಲಸದ ಮೇಲುಸ್ತುವಾರಿ ಬೋಯೆಯ ಹೆಂಡತಿ ಕತ್ರೀನ್ ಬ್ರಿಸೊನೆಯದು. ಗಂಡ ಇಟಲಿಯ ಯುದ್ಧಗಳ ಬೆನ್ನುಹತ್ತಿ ಹೋದವನು ಅಲ್ಲೇ ಹೆಚ್ಚು ಕಾಲ ಕಳೆಯುತ್ತಿದ್ದ. ಕತ್ರೀನ್ ಕೂಡ ತೂರ್ ನಗರದ ಹಣಕಾಸು ಮನೆತನದಲ್ಲಿ ಹುಟ್ಟಿ ಬೆಳೆದವಳು. ಅವಳ ಕಾಲದ ಮನೆಯನ್ನು ಒಳಹೊಕ್ಕು ನೋಡಿದರೆ ಎರಡು ಯುಗಗಳು ಒಂದೇ ಸೂರಿನಡಿ ಇರುವುದು ಕಾಣುತ್ತದೆ. ಹೊರಗಡೆ ನಾಲ್ಕು ಮೂಲೆಗಳಲ್ಲಿ ಪುಟ್ಟ ಗೋಪುರಗಳು, ಕಡಿದಾದ ಸ್ಲೇಟುಕಲ್ಲಿನ ಮಾಡು, ಬೆಳ್ಳನೆಯ ಮೆದು ಸುಣ್ಣಕಲ್ಲಿನ ಗೋಡೆ. ಇವೆಲ್ಲ ಫ್ರಾನ್ಸಿನ ಹಳೆಯ ಕೋಟೆಗಳ ನೆನಪು. ಬಾಗಿಲು ದಾಟಿದರೆ ಮನೆಯ ನಡುವೆ ನೇರವಾಗಿ ಒಂದು ಹಜಾರ, ಅದರ ಎರಡೂ ಕಡೆ ಕೋಣೆಗಳು. ಹಜಾರದ ಚಾವಣಿಯಲ್ಲಿ ಕಲ್ಲಿನ ಪಕ್ಕೆಗಳು ಕೂಡುವ ಕಡೆ ಕೂರಿಸಿದ ಕೀಲುಗಲ್ಲುಗಳು ಒಂದೇ ಗೆರೆಯಲ್ಲಿಲ್ಲ. ಒಂದು ಅತ್ತ, ಒಂದು ಇತ್ತ ಸರಿದು ಚಾವಣಿಯುದ್ದಕ್ಕೂ ಅಂಕುಡೊಂಕಾಗಿ ಸಾಗುತ್ತವೆ. ಅದು ಗಾಥಿಕ್ ಕಲ್ಲುಕುಟಿಗನ ಕೈಚಳಕ. ಅಲ್ಲಿಂದ ಪಕ್ಕಕ್ಕೆ ತಿರುಗಿದರೆ ಸಿಗುವ ಮೆಟ್ಟಿಲಸಾಲು ಬೇರೆಯೇ ಲೋಕದ್ದು. ಆ ಕಾಲದಲ್ಲಿ ಫ್ರಾನ್ಸಿನ ದೊಡ್ಡ ಮನೆಗಳ ಮೆಟ್ಟಿಲೆಂದರೆ ಶಂಖದಂತೆ ಸುತ್ತಿಕೊಂಡು ಏರುವ ಸುರುಳಿ. ಬ್ಲ್ವಾದಲ್ಲಿ ದೊರೆ ಮೊದಲನೆಯ ಫ್ರಾನ್ಸ್ವಾ ಕಟ್ಟಿಸಿದ್ದೂ ಸುರುಳಿಯೇ, 1519ರಲ್ಲಿ ಶುರುವಾದ ಶಾಂಬೋರಿನದೂ ಸುರುಳಿಯೇ. ಶೆನೊನ್ಸೊದಲ್ಲಿ ಮಾತ್ರ ಮೆಟ್ಟಿಲು ನೇರವಾಗಿ ಏರಿ, ಹೊಳೆಯ ಕಡೆಗೆ ತೆರೆದ ತಂಗುನೆಲೆಯಲ್ಲಿ ತಿರುಗಿ, ಮತ್ತೆ ನೇರವಾಗಿ ಏರುತ್ತದೆ. ಇಟಲಿಯ ಮಾದರಿಯ ಇಂಥ ನೇರ ಮೆಟ್ಟಿಲು ಫ್ರಾನ್ಸಿನಲ್ಲಿ ಬಂದದ್ದರಲ್ಲಿ ಇದು ತೀರ ಮೊದಲಿನವುಗಳಲ್ಲೊಂದು. ತಲೆಯ ಮೇಲಿನ ಇಳಿಜಾರು ಚಾವಣಿಯ ಚೌಕಗಳಲ್ಲಿ ಹೂ, ಹಣ್ಣು, ಮನುಷ್ಯರ ಮುಖಗಳನ್ನು ಕೆತ್ತಿದ್ದಾರೆ. ದೊರೆಯೇ ಹಳೆಯ ಪದ್ಧತಿಗೆ ಅಂಟಿಕೊಂಡಿದ್ದಾಗ ಹಣಕಾಸು ಅಧಿಕಾರಿಯೊಬ್ಬನ ಹೆಂಡತಿ ಹೊಳೆಯ ನಡುವಿನ ಇಕ್ಕಟ್ಟು ಜಾಗದಲ್ಲಿ ಇಂಥದ್ದೊಂದನ್ನು ಒಪ್ಪಿ ಕಟ್ಟಿಸಿದಳೆಂಬುದು ಅವಳ ಧೈರ್ಯಕ್ಕೆ ಸಾಕ್ಷಿ. ಗೋಡೆಯಲ್ಲಿ ಗಂಡ ಹೆಂಡಿರ ಹೆಸರಿನ ಮೊದಲಕ್ಷರಗಳನ್ನು ಹೆಣೆದು ಕೆತ್ತಿಸಿದ್ದಾರೆ. ಜೊತೆಗೆ, ಇದು ಪೂರ್ತಿಯಾದರೆ ನನ್ನ ನೆನಪು ಉಳಿಯುತ್ತದೆ ಎಂಬ ಅರ್ಥದ ಒಂದು ಸಾಲು.

ನೆನಪು ಉಳಿಯಿತು, ಮನೆ ಉಳಿಯಲಿಲ್ಲ. ಬೋಯೆ 1524ರಲ್ಲಿ ಇಟಲಿಯಲ್ಲಿ ತೀರಿಕೊಂಡ. ಎರಡು ವರ್ಷದಲ್ಲಿ ಕತ್ರೀನಳೂ ಹೋದಳು. ಆಮೇಲೆ ದೊರೆಯ ಕಡೆಯವರು ಬೋಯೆಯ ಲೆಕ್ಕಗಳನ್ನು ಬಿಚ್ಚಿ ನೋಡಿದರೆ ಖಜಾನೆಗೆ ಅವನಿಂದ ಬರಬೇಕಾದ ದೊಡ್ಡ ಮೊತ್ತ ಬಾಕಿಯಿತ್ತು. 1535ರಲ್ಲಿ ಮಗ ಆಂತ್ವಾನ್ ಬೋಯೆ ಶೆನೊನ್ಸೊವನ್ನು ದೊರೆಗೆ ಬಿಟ್ಟುಕೊಟ್ಟು ಬಾಕಿಯ ಭಾರ ಇಳಿಸಿಕೊಂಡ. ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಆ ಕಾಲದ ಸಿರಿವಂತರಲ್ಲಿ ಸಾಲವಿಲ್ಲದವರು ಯಾರಿದ್ದರು, ಇದರಲ್ಲಿ ಶೆನೊನ್ಸೊವಿನ ಹೆಚ್ಚುಗಾರಿಕೆ ಏನು? ಆಕ್ಷೇಪ ನ್ಯಾಯವಾದದ್ದೇ. ಅಷ್ಟೇ ಅಲ್ಲ, ಅದು ನನ್ನ ವಾದವನ್ನು ಇನ್ನಷ್ಟು ಅಗಲ ಮಾಡುತ್ತದೆ. ಲ್ವಾರ್ ಕಣಿವೆಯ ಹೊಸ ಶೈಲಿಯ ಅರಮನೆಗಳನ್ನು ದೊರೆಗಳ ಕಾಣಿಕೆ ಎಂದು ನಾವು ಭಾವಿಸುತ್ತೇವೆ. ಆದರೆ ಶೆನೊನ್ಸೊವನ್ನು ಕಟ್ಟಿಸಿದವನು ಬೋಯೆ, ಅಜೇ-ಲ-ರಿದೋವನ್ನು ಕಟ್ಟಿಸಿದವನು ಜಿಲ್ ಬೆರ್ತೆಲೊ, ವಿಲಾಂದ್ರಿಯನ್ನು ಕಟ್ಟಿಸಿದವನು ಜಾನ್ ಲ ಬ್ರತೋಂ. ಮೂವರೂ ದೊರೆಯ ಹಣಕಾಸು ನೋಡುತ್ತಿದ್ದವರು. 1527ರಲ್ಲಿ ಅವರೆಲ್ಲರಿಗೂ ಹಿರಿಯನಂತಿದ್ದ ಸಾಂಬ್ಲಾನ್ಸೆಯನ್ನು ದೊರೆ ಪ್ಯಾರಿಸಿನ ಮೋಂಫೊಕೋನ್ ಗಲ್ಲುಗಂಬಕ್ಕೆ ಏರಿಸಿದ. ಬೆರ್ತೆಲೊ ಅರ್ಧ ಕಟ್ಟಿದ ಮನೆಯನ್ನು ಬಿಟ್ಟು ಓಡಿಹೋದ. ಯುದ್ಧಕ್ಕೆ ದುಡ್ಡು ಬೇಕಾದ ದೊರೆ ಇವರಿಂದ ಸಾಲ ಎತ್ತುತ್ತಿದ್ದ. ಇವರು ದೊರೆಯ ಹಣವನ್ನೂ ತಮ್ಮ ಹಣವನ್ನೂ ಒಂದೇ ಚೀಲದಲ್ಲಿ ಇಡುತ್ತಿದ್ದರು. ಲೆಕ್ಕ ಕೇಳುವ ದಿನ ಬಂದಾಗ ಯಾವುದು ಯಾರದೆಂದು ಹೇಳುವುದೇ ಕಷ್ಟವಾಗುತ್ತಿತ್ತು. ಹಾಗಾಗಿ ಈ ಸೀಮೆಯಲ್ಲಿ ಸಾಲವೆಂಬುದು ಸಿರಿವಂತರ ಖಾಸಗಿ ದುರಭ್ಯಾಸವಾಗಿರಲಿಲ್ಲ. ಅರಮನೆಗಳು ಹುಟ್ಟುತ್ತಿದ್ದದ್ದೂ ಕೈಬದಲಾಗುತ್ತಿದ್ದದ್ದೂ ಅದರ ಮೂಲಕವೇ.

ಇನ್ನು ಡಿಯಾನ್. 1547ರಲ್ಲಿ ಪಟ್ಟಕ್ಕೆ ಬಂದ ಹೆನ್ರಿ ಅದೇ ವರ್ಷ ಶೆನೊನ್ಸೊವನ್ನು ಅವಳಿಗೆ ಕೊಟ್ಟ. ಕಥೆ ಹೇಳುವವರು ಇಲ್ಲಿ ನಿಲ್ಲುತ್ತಾರೆ, ಡಿಯಾನ್ ನಿಲ್ಲಲಿಲ್ಲ. ರಾಜ್ಯದ ಆಸ್ತಿಯನ್ನು ದೊರೆ ಶಾಶ್ವತವಾಗಿ ಪರಭಾರೆ ಮಾಡುವಂತಿಲ್ಲ ಎಂಬುದು ಫ್ರಾನ್ಸಿನಲ್ಲಿ ಆಗಲೇ ಬೇರೂರಿದ ನಿಯಮ. ಇವತ್ತಿನ ದೊರೆ ಕೊಟ್ಟದ್ದನ್ನು ನಾಳೆಯ ದೊರೆ ಒಂದು ಮಾತಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಗಂಡ ತೀರಿಕೊಂಡ ಮೇಲೆ 1531ರಿಂದಲೇ ತನ್ನ ಆಸ್ತಿಪಾಸ್ತಿಯನ್ನು ತಾನೇ ನೋಡಿಕೊಂಡು ಬಂದಿದ್ದ ಡಿಯಾನ್‌ಗೆ ಈ ಅಪಾಯ ಕಾಣದೆ ಹೋಗಲಿಲ್ಲ. ಅವಳು ಹಿಡಿದ ದಾರಿ ಸುತ್ತುಬಳಸಿನದು. 1535ರಲ್ಲಿ ಬೋಯೆಯ ಮಗ ಬಿಟ್ಟುಕೊಟ್ಟ ವ್ಯವಹಾರವನ್ನೇ ಪ್ರಶ್ನಿಸಿ, ಆಸ್ತಿ ಮತ್ತೆ ಆ ಮನೆತನದ ಹೆಸರಿಗೆ ಹೋಗುವಂತೆ ಮಾಡಿ, ಅಲ್ಲಿಂದ ಸಾಲಕ್ಕಾಗಿ ಹರಾಜಿಗೆ ಬರುವಂತೆ ನೋಡಿಕೊಂಡು, 1555ರಲ್ಲಿ ಅದನ್ನು ತಾನೇ ಕೊಂಡಳು. ತನ್ನ ಕೈಯಲ್ಲೇ ಇದ್ದ ಮನೆಯನ್ನು ಹರಾಜಿನಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆದರೆ ದೊರೆಯ ಒಲವಿಗಿಂತ ಕ್ರಯಪತ್ರ ಗಟ್ಟಿ ಎಂದು ಅವಳು ತಿಳಿದಿದ್ದಳು. ಮರುವರ್ಷವೇ ಸೇತುವೆಯ ಕೆಲಸ ಶುರುವಾಯಿತು. ಆನೆ ಎಂಬಲ್ಲಿನ ಅವಳ ಅರಮನೆಯನ್ನು ಕಟ್ಟಿದ್ದ ಫಿಲಿಬೇರ್ ದ ಲೋರ್ಮ್‌ನೇ ಇಲ್ಲಿಗೂ ವಾಸ್ತುಶಿಲ್ಪಿ. 1559ರ ಹೊತ್ತಿಗೆ ಕಮಾನುಗಳ ಸಾಲು ಆಚೆ ದಡ ಮುಟ್ಟಿತ್ತು. ದಸ್ತಾವೇಜು ಕೈಗೆ ಬಂದ ಮೇಲೆ ಇಷ್ಟು ದೊಡ್ಡ ಖರ್ಚಿಗೆ ಕೈಹಾಕಿದ್ದನ್ನು ಕಾಕತಾಳೀಯ ಎಂದು ತಳ್ಳಿಹಾಕಲು ನನ್ನಿಂದಾಗದು.

ಡಿಯಾನ್ ಕಾಲದ ಲೆಕ್ಕಪತ್ರಗಳು ಉಳಿದಿವೆ. 19ನೇ ಶತಮಾನದಲ್ಲಿ ಪಾದ್ರಿ ಕಾಸಿಮಿರ್ ಶೆವಾಲಿಯೆ ಅವನ್ನು ಹುಡುಕಿ ಅಚ್ಚುಮಾಡಿಸಿದರು. ಇವು ಜಹಗೀರಿಯ ವರಮಾನ, ಖರ್ಚುಗಳ ಪುಸ್ತಕಗಳು. ತೋಟಕ್ಕೆ ಮಣ್ಣು ಹೊತ್ತವರ ಕೂಲಿ, ಕಾಡಿನಿಂದ ಕಿತ್ತುತಂದ ಸಾವಿರಾರು ಸ್ಟ್ರಾಬೆರಿ ಮತ್ತು ನೇರಳೆ ಹೂವಿನ ಸಸಿಗಳ ಲೆಕ್ಕ, ಎಲ್ಲವೂ ಅಲ್ಲಿವೆ. ಹೊಳೆಯ ನೆರೆ ನುಗ್ಗದಂತೆ ಕಲ್ಲಿನ ಗೋಡೆ ಕಟ್ಟಿ ಎತ್ತರಿಸಿದ ಜಗಲಿಯ ಮೇಲೆ ಆ ತೋಟ ಇಂದಿಗೂ ಇದೆ. ಹಾಗಾದರೆ ಪ್ರೇಮಕ್ಕೆ ಇಲ್ಲಿ ಬೆಲೆಯೇ ಇಲ್ಲವೇ ಎಂದು ಕೇಳುವವರಿದ್ದಾರೆ. ಹೆನ್ರಿ ಮೆಚ್ಚದಿದ್ದರೆ ಶೆನೊನ್ಸೊ ಅವಳ ಬಳಿಗೆ ಬರುತ್ತಲೇ ಇರಲಿಲ್ಲ, ನಿಜ. ದೊರೆಯ ಬೆಂಬಲವಿಲ್ಲದೆ ಆ ವ್ಯಾಜ್ಯವನ್ನು ಗೆಲ್ಲುವುದೂ ಸಾಧ್ಯವಿರಲಿಲ್ಲ. ಒಪ್ಪಿದೆ. ಆದರೆ 1559ರ ಜುಲೈಯಲ್ಲಿ ಭರ್ಜಿಕಾಳಗದ ಪಂದ್ಯದಲ್ಲಾದ ಗಾಯದಿಂದ ಹೆನ್ರಿ ಸತ್ತ ಮೇಲೆ ಏನಾಯಿತೆಂದು ನೋಡಿ. ರಾಜ್ಯದ ಒಡವೆಗಳನ್ನು ಡಿಯಾನ್ ಹಿಂದಿರುಗಿಸಬೇಕಾಯಿತು, ಆಸ್ಥಾನ ಬಿಡಬೇಕಾಯಿತು. ಪ್ರೇಮದಿಂದ ಬಂದದ್ದೆಲ್ಲ ಪ್ರೇಮಿಯ ಜೊತೆಗೇ ಹೋಯಿತು. ಶೆನೊನ್ಸೊವನ್ನು ಮಾತ್ರ ಕ್ಯಾಥರೀನ್ ಸುಮ್ಮನೆ ಕಿತ್ತುಕೊಳ್ಳಲಾಗಲಿಲ್ಲ. ಅಷ್ಟು ಅಧಿಕಾರವಿದ್ದ ರಾಜಮಾತೆಯೂ ಅದಕ್ಕೆ ಬದಲಾಗಿ ತನ್ನದೇ ಆದ ಶೋಮೋಂ ಅರಮನೆಯನ್ನು ಡಿಯಾನ್‌ಗೆ ಬರೆದುಕೊಡಬೇಕಾಯಿತು. ಬಲವಂತದ ವಿನಿಮಯವೇ ಇರಬಹುದು. ಆದರೂ ಅದು ವಿನಿಮಯ. ಆ ವ್ಯತ್ಯಾಸವನ್ನು ಉಳಿಸಿಕೊಟ್ಟದ್ದು 1555ರ ಹರಾಜು.

ಕ್ಯಾಥರೀನ್ ಸಾಲಕ್ಕೆ ಹೆದರುವವಳಲ್ಲ. ಅವಳಿಗೆ ಶೆನೊನ್ಸೊ ಒಂದು ರಂಗಸ್ಥಳ. ಒಳಯುದ್ಧಗಳಿಂದ ಒಡೆದುಹೋಗುತ್ತಿದ್ದ ರಾಜ್ಯದಲ್ಲಿ ಮಕ್ಕಳ ಸಿಂಹಾಸನಕ್ಕೆ ಮೆರುಗು ಕೊಡಲು ಅವಳು ಉತ್ಸವಗಳನ್ನು ನಂಬಿಕೊಂಡಿದ್ದಳು. 1577ರಲ್ಲಿ ಮಗ ಮೂರನೆಯ ಹೆನ್ರಿಗಾಗಿ ಇಲ್ಲಿ ಕೊಟ್ಟ ಔತಣಕ್ಕೆ ಲಕ್ಷ ಲಿವ್ರ್‌ಗಳ ಹತ್ತಿರ ಖರ್ಚಾಯಿತೆಂದೂ ಆ ಹಣವನ್ನು ದೊರೆಯ ಶ್ರೀಮಂತ ಸೇವಕರಿಂದಲೂ ಇಟಲಿಯ ಲೇವಾದೇವಿಗಾರರಿಂದಲೂ ಸಾಲದ ರೂಪದಲ್ಲಿ ಎತ್ತಿದರೆಂದೂ ಪ್ಯಾರಿಸಿನ ದಿನಚರಿಕಾರ ಪಿಯೇರ್ ದ ಲೆತ್ವಾಲ್ ಬರೆದಿಟ್ಟಿದ್ದಾನೆ. ಸೇತುವೆಯ ಮೇಲಿನ ಮಹಡಿ ಎದ್ದದ್ದೂ ಇದೇ ದಶಕದಲ್ಲಿ. ವಾಸ್ತುಶಿಲ್ಪಿ ಜಾನ್ ಬುಲಾಂ ಇರಬೇಕೆಂಬುದು ತಿಳಿದವರ ಅಭಿಪ್ರಾಯ. 60 ಮೀಟರ್ ಉದ್ದ, 6 ಮೀಟರ್ ಅಗಲದ ಹಜಾರ. ಎರಡೂ ಕಡೆ ಸೇರಿ 18 ಕಿಟಕಿಗಳು. ನೆಲಕ್ಕೆ ಬಿಳಿಯ ಸುಣ್ಣಕಲ್ಲು, ಕಪ್ಪು ಸ್ಲೇಟುಗಳ ಚದುರಂಗದ ಹಾಸು. ಹೊಳೆಯ ಮೇಲೆ ಬಿದ್ದ ಬಿಸಿಲು ಕಿಟಕಿಗಳಿಂದ ಒಳಬಂದು ಮೇಲಿನ ತೊಲೆಗಳ ಮೇಲೆ ಅಲೆಯಾಡುವ ಈ ಜಾಗದಲ್ಲಿ ಕುಣಿತಗಳು ನಡೆಯುತ್ತಿದ್ದವು. ಆದರೆ ಕ್ಯಾಥರೀನಳ ಮನಸ್ಸಿನಲ್ಲಿದ್ದ ಅರಮನೆ ಇದಲ್ಲ. 1579ರಲ್ಲಿ ಜಾಕ್ ಆಂದ್ರೂವೆ ದ್ಯು ಸೆರ್ಸೊ ಅಚ್ಚು ಹಾಕಿಸಿದ ಫ್ರಾನ್ಸಿನ ಶ್ರೇಷ್ಠ ಕಟ್ಟಡಗಳ ಸಂಪುಟದಲ್ಲಿ ಅವಳ ಯೋಜನೆಯ ನಕ್ಷೆಯಿದೆ. ಮುಂದುಗಡೆ ಅಂಗಳಗಳು, ಬದಿಗಳಲ್ಲಿ ರೆಕ್ಕೆಗಳಂತೆ ಚಾಚಿದ ಕಟ್ಟಡಗಳು, ಆಚೆ ದಡದಲ್ಲಿ ಮೊಟ್ಟೆಯಾಕಾರದ ದೊಡ್ಡ ಸಭಾಂಗಣ. ಈಗಿರುವ ಮಹಡಿ ಅಲ್ಲಿಗೆ ಹೋಗುವ ದಾರಿ ಮಾತ್ರ. 1589ರ ಜನವರಿಯಲ್ಲಿ ಅವಳು ಸತ್ತಾಗ ಸಭಾಂಗಣಕ್ಕೆ ಬದಲು ಸಾಲದ ರಾಶಿ ಉಳಿದಿತ್ತು.

ಅರಮನೆ ಬಂದದ್ದು ಸೊಸೆ ಲೂಯಿಸ್ ದ ಲೊರೇನ್‌ಗೆ. ಅದೇ ವರ್ಷ ಆಗಸ್ಟಿನಲ್ಲಿ ಗಂಡ ಮೂರನೆಯ ಹೆನ್ರಿಯ ಕೊಲೆಯಾಯಿತು. ಅವಳು ಕೋಣೆಗೆ ಕಪ್ಪು ಬಳಿಸಿ, ರಾಣಿಯರ ವೈಧವ್ಯದ ಬಿಳಿ ಉಡುಪು ತೊಟ್ಟು ಜಪತಪದಲ್ಲಿ ಕಾಲ ಕಳೆದಳೆಂದು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಇನ್ನೊಂದಿದೆ: ಅತ್ತೆಗೆ ಸಾಲ ಕೊಟ್ಟವರು ಆ ಕಪ್ಪು ಕೋಣೆಯ ಬಾಗಿಲಿಗೂ ಬಂದಿದ್ದರು. ಕೊನೆಗೆ ಅವಳ ಸೋದರನ ಮಗಳಿಗೂ ದೊರೆ ನಾಲ್ಕನೆಯ ಹೆನ್ರಿಯ ಮಗ ಸೆಸಾರ್ ದ ವಾಂದೋಮ್‌ಗೂ ಸಂಬಂಧ ಕುದುರಿದಾಗ ಆ ಬಾಕಿಯ ಇತ್ಯರ್ಥವೂ ಅದರೊಳಗೇ ಸೇರಿಕೊಂಡಿತು.

ಮುಂದಿನ ನೂರಕ್ಕೂ ಹೆಚ್ಚು ವರ್ಷ ಶೆನೊನ್ಸೊ ಯಾರಿಗೂ ಅಷ್ಟಾಗಿ ಬೇಡದ ಮನೆಯಾಗಿತ್ತು. 1733ರಲ್ಲಿ ಬೂರ್ಬೋನ್ ಡ್ಯೂಕನಿಂದ ಅದನ್ನು ಕೊಂಡವನು ಕ್ಲೋದ್ ದ್ಯುಪ್ಯಾಂ. ಇವನು ದೊರೆಯ ತೆರಿಗೆಯನ್ನು ಗುತ್ತಿಗೆ ಹಿಡಿದವರಲ್ಲೊಬ್ಬ. ಹೆಂಡತಿ ಲೂಯಿಸ್ ದ್ಯುಪ್ಯಾಂ ಆ ಕಾಲದ ದೊಡ್ಡ ಬ್ಯಾಂಕರ್ ಸಾಮ್ಯುಯೆಲ್ ಬೆರ್ನಾರ್‌ನ ಮಗಳು. ಅರಮನೆ ಸುತ್ತಿ ಬಳಸಿ ಮತ್ತೆ ಹಣಕಾಸಿನವರ ಕೈಗೇ ಬಂತು. ಲೂಯಿಸ್ ದ್ಯುಪ್ಯಾಂ ಹೆಂಗಸರ ಸ್ಥಿತಿಗತಿಯ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆಯಲು ಹೊರಟಿದ್ದಳು. ಅವಳು ಹೇಳಿದ್ದನ್ನು ಬರೆದುಕೊಂಡು, ಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಡುತ್ತಿದ್ದ ಕಾರ್ಯದರ್ಶಿ ಜಾನ್ ಜಾಕ್ ರೂಸೋ. ಆ ಗ್ರಂಥ ಮುಗಿಯಲಿಲ್ಲ. ಆದರೆ ಮಹಾಕ್ರಾಂತಿಯ ದಿನಗಳಲ್ಲಿ ಅರಮನೆಯನ್ನು ಉಳಿಸಿದವಳು ಅವಳೇ. ಪ್ರಾರ್ಥನಾಮಂದಿರವನ್ನು ಸೌದೆಕೋಣೆ ಮಾಡಿ ಕಾಪಾಡಿದಳು. ಈ ಸುತ್ತಿನಲ್ಲಿ ಹೊಳೆ ದಾಟಲು ಇದೊಂದೇ ಸೇತುವೆ, ಇದನ್ನು ಕೆಡವಿದರೆ ಊರಿಗೇ ನಷ್ಟ ಎಂದು ಅವಳು ವಾದಿಸಿದಳೆಂಬ ಮಾತು ಅಲ್ಲಿ ಪರಂಪರೆಯಿಂದ ಬಂದಿದೆ. ಇಲ್ಲಿ ನನ್ನ ವಾದಕ್ಕೊಂದು ಎಲ್ಲೆ ಹಾಕಿಕೊಳ್ಳಬೇಕು. ಅರಮನೆ ಕೈಬದಲಾದದ್ದನ್ನು ಸಾಲ ವಿವರಿಸುತ್ತದೆ. ಉಳಿದುಬಂದದ್ದನ್ನು ಸಾಲವೊಂದೇ ವಿವರಿಸದು. ಬೇರೆ ಎಷ್ಟೋ ಅರಮನೆಗಳು ಕಲ್ಲಿನ ಆಸೆಗೆ ನೆಲಸಮವಾದಾಗ ಇದು ಉಳಿದದ್ದಕ್ಕೆ, 93 ವರ್ಷ ಬಾಳಿ 1799ರಲ್ಲಿ ಇಲ್ಲೇ ತೀರಿಕೊಂಡ ಆ ಮುದುಕಿಯ ಮೇಲೆ ಊರವರಿಗಿದ್ದ ಗೌರವವೂ ಒಂದು ಕಾರಣ.

1864ರಲ್ಲಿ ಕೊಂಡ ಮಾರ್ಗರೀತ್ ಪೆಲೂಜ್ ಮತ್ತೆ ಹಳೆಯ ದಾರಿಗೇ ಬಂದಳು. ಪ್ಯಾರಿಸಿಗೆ ಗ್ಯಾಸ್ ದೀಪ ತಂದು ಹಣ ಮಾಡಿದ ಸ್ಕಾಟ್ಲೆಂಡಿನ ಎಂಜಿನಿಯರ್ ಒಬ್ಬನ ಮಗಳು ಅವಳು. ವಾಸ್ತುಶಿಲ್ಪಿ ಫೆಲಿಕ್ಸ್ ರೊಗೆಯನ್ನು ಇಟ್ಟುಕೊಂಡು ಅರಮನೆಯನ್ನು ಬೋಯೆಯ ಕಾಲಕ್ಕೆ ಮರಳಿಸಲು ಹೊರಟಳು. ಕ್ಯಾಥರೀನ್ ಮುಂಭಾಗಕ್ಕೆ ಸೇರಿಸಿದ್ದ ಹೆಚ್ಚಿನ ಕಿಟಕಿಗಳನ್ನು ಮುಚ್ಚಿಸಿದಳು. ಗೋಡೆಯಲ್ಲಿ ನಿಂತಿದ್ದ ಕಲ್ಲಿನ ಆಳೆತ್ತರದ ಬೊಂಬೆಗಳನ್ನು ಕೀಳಿಸಿ ತೋಟಕ್ಕೆ ಕಳಿಸಿದಳು. ಇದು ಸರಿಯೇ ಎಂಬುದರ ಬಗ್ಗೆ ಎರಡು ಮಾತಿದೆ. ಮುಂಭಾಗಕ್ಕೆ ಹದವಾದ ಸರಳತೆ ಬಂತು, ನಿಜ. ಆದರೆ ಮುನ್ನೂರು ವರ್ಷ ಅಲ್ಲಿದ್ದ ಒಂದು ಪದರ ಅಳಿಸಿಹೋಯಿತು. ಕಟ್ಟಡವೊಂದು ಹುಟ್ಟಿದ ದಿನವೇ ಅದರ ನಿಜರೂಪ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ, ಅದರಲ್ಲೂ ಇಷ್ಟು ಕೈಗಳಲ್ಲಿ ಬೆಳೆದ ಕಟ್ಟಡದ ವಿಷಯದಲ್ಲಿ. 1879ರ ಬೇಸಿಗೆಯಲ್ಲಿ ಅವಳಿಗಾಗಿ ಪಿಯಾನೊ ನುಡಿಸಲು ಬಂದಿದ್ದ ಹುಡುಗ ಮುಂದೆ ಸಂಗೀತಗಾರನಾಗಿ ಹೆಸರಾದ ಕ್ಲೋದ್ ದೆಬ್ಯುಸಿ. ಹಣ ನೀರಿನಂತೆ ಹರಿಯಿತು. 1887ರಲ್ಲಿ ಅವಳ ತಮ್ಮ ಡೇನಿಯಲ್ ವಿಲ್ಸನ್ ಸರ್ಕಾರಿ ಪದಕಗಳನ್ನು ಮಾರಿಕೊಂಡ ಹಗರಣದಲ್ಲಿ ಸಿಕ್ಕಿಬಿದ್ದು, ಅವನ ಮಾವ, ರಾಷ್ಟ್ರಾಧ್ಯಕ್ಷ ಜ್ಯೂಲ್ ಗ್ರೆವಿ ರಾಜೀನಾಮೆ ಕೊಡುವಂತಾಯಿತು. ಮರುವರ್ಷವೇ ಅಡಮಾನದ ಬ್ಯಾಂಕು ಶೆನೊನ್ಸೊವನ್ನು ಜಪ್ತಿ ಮಾಡಿತು.

ಹೀಗೆ ಎಲ್ಲವನ್ನೂ ಸಾಲದ ಕಣ್ಣಿನಿಂದ ನೋಡಿದರೆ ಈ ಹೆಂಗಸರನ್ನು ಬರೀ ಗುಮಾಸ್ತರ ಮಟ್ಟಕ್ಕೆ ಇಳಿಸಿದಂತಲ್ಲವೇ ಎಂಬುದು ನನಗೆ ಬಹಳ ಮುಖ್ಯವೆನಿಸುವ ಆಕ್ಷೇಪ. ನಾನಂತೂ ತದ್ವಿರುದ್ಧವಾಗಿ ಯೋಚಿಸುತ್ತೇನೆ. ಪ್ರೇಮಕಥೆಯಲ್ಲಿ ಅವರು ಗಂಡಸಿನ ಮರ್ಜಿಯ ಇಬ್ಬದಿಯಲ್ಲಿ ನಿಂತ ಇಬ್ಬರು ಸುಂದರಿಯರು, ಒಬ್ಬಳು ಗೆದ್ದವಳು, ಒಬ್ಬಳು ಸೋತವಳು. ದಸ್ತಾವೇಜುಗಳಲ್ಲಿ ಅವರು ಮೇಸ್ತ್ರಿಗೆ ಆದೇಶ ಕೊಡುವವರು, ವಕೀಲರನ್ನು ದುಡಿಸುವವರು, ಕೂಲಿ ಬಟವಾಡೆ ಮಾಡುವವರು, ಗಂಡಂದಿರು ಬಿಟ್ಟುಹೋದ ಬಾಕಿಯ ಎದುರು ನಿಂತವರು. ಸ್ವಂತ ಹೆಸರಿನಲ್ಲಿ ಆಸ್ತಿ ಉಳಿಸಿಕೊಳ್ಳುವುದೇ ಕಷ್ಟವಾಗಿದ್ದ ಕಾಲದಲ್ಲಿ ಅವರು ಕಾನೂನಿನ ಸಂದುಗೊಂದುಗಳನ್ನು ಅಷ್ಟು ಚೆನ್ನಾಗಿ ಬಲ್ಲವರಾಗಿದ್ದರು. ಹೆಂಗಸರ ಅರಮನೆ ಎಂಬ ಹೆಸರಿಗೆ ತಕ್ಕ ಆಧಾರ ಅಲ್ಲಿದೆ.

1913ರಲ್ಲಿ ಅರಮನೆ ಚಾಕೊಲೇಟ್ ತಯಾರಕರಾದ ಮೆನಿಯೆ ಮನೆತನಕ್ಕೆ ಸೇರಿತು. ಮರುವರ್ಷ ಮಹಾಯುದ್ಧ. ಗಾಸ್ತೋಂ ಮೆನಿಯೆ ತನ್ನ ಖರ್ಚಿನಲ್ಲಿ ಅಲ್ಲಿ ಆಸ್ಪತ್ರೆ ನಡೆಸಿದ. ಕ್ಯಾಥರೀನಳ ಮಹಡಿಯ ಕಿಟಕಿಗಳ ಕೆಳಗೆ ಸಾಲಾಗಿ ಮಂಚಗಳು ಬಂದವು. 1918ರ ಕೊನೆಯವರೆಗೆ 2,254 ಗಾಯಾಳುಗಳು ಅಲ್ಲಿ ಚಿಕಿತ್ಸೆ ಪಡೆದರು. ಅವರ ಆರೈಕೆಯ ಉಸ್ತುವಾರಿಯೂ ಹೆಣ್ಣೊಬ್ಬಳದೇ, ಮನೆಯ ಸೊಸೆ ಸಿಮೋನ್ ಮೆನಿಯೆಯದು. ಎರಡನೆಯ ಯುದ್ಧದಲ್ಲಿ ಫ್ರಾನ್ಸ್ ಸೋತು 1940ರಲ್ಲಿ ದೇಶ ಎರಡಾದಾಗ ಗಡಿಗೆರೆ ಈ ಭಾಗದಲ್ಲಿ ಶೇರ್ ಹೊಳೆಯಗುಂಟ ಹಾದುಹೋಯಿತು. ಅರಮನೆಯ ಮುಂಬಾಗಿಲು ಜರ್ಮನರ ಕೈಯಲ್ಲಿದ್ದ ದಡದಲ್ಲಿ. ಮಹಡಿಯ ಕೊನೆಯ ಬಾಗಿಲು ತೆರೆಯುವುದು ಅವರ ಹಿಡಿತವಿಲ್ಲದ ದಡಕ್ಕೆ. ಕ್ಯಾಥರೀನಳ ಮೊಟ್ಟೆಯಾಕಾರದ ಸಭಾಂಗಣ ಎದ್ದಿದ್ದರೆ ಆ ಜಾಗದಲ್ಲಿ ಗೋಡೆಗಳೂ ಕಂಬಗಳೂ ಇರುತ್ತಿದ್ದವು. ಅದು ಏಳದೆ ಹೋದ್ದರಿಂದ ಅಲ್ಲಿದ್ದದ್ದು ಒಂದು ಬಾಗಿಲು, ಅದರಾಚೆ ಮರಗಳು. 1942ರವರೆಗೆ ಎಷ್ಟೋ ಜನ ಆ ಕಪ್ಪು ಬಿಳಿ ನೆಲದ ಮೇಲೆ 60 ಮೀಟರ್ ನಡೆದು, ಆ ಬಾಗಿಲಿನಿಂದ ಆಚೆ ಹೋದರು.